ಬಿ.ಎಡ್. ಸಾಲದ ಅರ್ಜಿಗೆ ಸಹಿ ಹಾಕೋ ಮುಂಚೆ ಈ ಲೆಕ್ಕ ನೋಡಿ

ನೀಲಗಿರಿಯ ಕನ್ನಡದ ತಮ್ಮಂದಿರೇ, ತಂಗಿಯರೇ,

ಡಿಗ್ರಿ ರಿಸಲ್ಟ್ ಬಂತು ಅಂದ್ರೆ ಊಟಿ, ಗೂಡಲೂರು, ಮಸಿನಗುಡಿಯ ನಮ್ಮ ಮನೆಗಳಲ್ಲಿ ಒಂದೇ ಮಾತು. "ಬಿ.ಎಡ್. ಮಾಡಿಬಿಡು, ಟೀಚರ್ ಕೆಲಸ ಅಂದ್ರೆ ಜೀವನಕ್ಕೆ ಭದ್ರ." ಇದೇ ಮಾತನ್ನ ಖಾಸಗಿ ಕಾಲೇಜಿನ ಏಜೆಂಟ್ ಫೋನ್ ಮಾಡಿ ಹೇಳ್ತಾನೆ. ನವೆಂಬರ್ ಒಂದನೇ ತಾರೀಖು ವೇದಿಕೆ ಹತ್ತಿದ ನಮ್ಮ ಹಿರಿಯರೂ ಇದನ್ನೇ ಇನ್ನೊಂದು ರೀತೀಲಿ ಹೇಳ್ತಾರೆ: "ಗಡಿಯಲ್ಲಿ ಕನ್ನಡ ಉಳೀಬೇಕಾದ್ರೆ ನಮ್ಮ ಮಕ್ಕಳು ಕನ್ನಡ ಮೇಷ್ಟ್ರಾಗಬೇಕು." ಚಪ್ಪಾಳೆ ಬೀಳುತ್ತೆ. ಆದರೆ ಫೀಸು ಕಟ್ಟೋರು ಯಾರು, ಹುದ್ದೆ ಎಲ್ಲಿದೆ, ಸಾಲ ಎಂದಿಗೆ ತೀರುತ್ತೆ ಅನ್ನೋದನ್ನ ವೇದಿಕೆ ಮೇಲಿಂದ ಯಾರೂ ಹೇಳಲ್ಲ.

ನಾವು ಹೇಳ್ತೀವಿ. ನಾವೂ ಕನ್ನಡದ ಕೆಲಸ ಮಾಡೋರೇ. ಹೊಟ್ಟೆಪಾಡಿಗೆ ಬ್ಯಾಂಕಿನ ಕೌಂಟರಲ್ಲಿ ಕೂರ್ತೀವಿ. ಶಿಕ್ಷಣ ಸಾಲದ ಅರ್ಜಿ ತುಂಬುವಾಗ ಮಕ್ಕಳ ಮುಖ ಹೇಗಿರುತ್ತೆ, ನಾಲ್ಕು ವರ್ಷ ಆದ ಮೇಲೆ ಕಂತು ಕಟ್ಟೋಕೆ ಬಂದ ಅಪ್ಪನ ಮುಖ ಹೇಗಿರುತ್ತೆ, ಎರಡೂ ನೋಡಿದ್ದೀವಿ. ಅದಕ್ಕೇ ಈ ಬರಹ. ಟೀಚರ್ ಆಗಬೇಡಿ ಅಂತ ನಾವು ಹೇಳ್ತಿಲ್ಲ. ಲೆಕ್ಕ ಹಾಕದೆ ಆಗಬೇಡಿ ಅಂತ ಹೇಳ್ತಿದ್ದೀವಿ.

ಮೊದಲು ಸಾಲದ ಲೆಕ್ಕ

ಬಿ.ಎಡ್. ಮುಂಚೆ ಒಂದು ವರ್ಷದ ಕೋರ್ಸ್ ಇತ್ತು. ಎನ್‌ಸಿಟಿಇಯ 2014ರ ನಿಯಮದಿಂದ, 2015ರಿಂದೀಚೆಗೆ ಎರಡು ವರ್ಷ ಆಯ್ತು. ಫೀಸು, ಹಾಸ್ಟೆಲ್, ಬಸ್ ಚಾರ್ಜು, ಪುಸ್ತಕ ಎಲ್ಲಾ ಸೇರಿ ವರ್ಷಕ್ಕೆ 1 ಲಕ್ಷದಂತೆ 2 ಲಕ್ಷ ಸಾಲ ತಗೊಂಡ್ರಿ ಅಂತ ಇಟ್ಟುಕೊಳ್ಳೋಣ. ಬಡ್ಡಿ 10%.

ಓದೋವಾಗ ಕಂತು ಇಲ್ಲ. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಬಿಡುವು ಕೊಡ್ತಾರೆ. ಇದನ್ನೇ ಮೊರಟೋರಿಯಂ ಅನ್ನೋದು. ಎಷ್ಟೋ ಮನೆಗಳಲ್ಲಿ ಇದನ್ನ "ಮೂರು ವರ್ಷ ಬಡ್ಡಿ ಇಲ್ಲ" ಅಂತ ತಿಳ್ಕೊಂಡಿದ್ದಾರೆ. ತಪ್ಪು. ಕಂತು ಮಾತ್ರ ಇಲ್ಲ, ಬಡ್ಡಿ ಮೊದಲ ದಿನದಿಂದಲೇ ಓಡ್ತಾ ಇರುತ್ತೆ. ಮೊದಲ ವರ್ಷ ತಗೊಂಡ 1 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 30,000. ಎರಡನೇ ವರ್ಷದ 1 ಲಕ್ಷಕ್ಕೆ ಎರಡು ವರ್ಷದ ಬಡ್ಡಿ 20,000. ಒಟ್ಟು 50,000 ಅಸಲಿಗೆ ಸೇರುತ್ತೆ. ಕಂತು ಶುರುವಾಗೋ ದಿನ ನಿಮ್ಮ ಸಾಲ 2 ಲಕ್ಷ ಅಲ್ಲ, ಎರಡೂವರೆ ಲಕ್ಷ.

ಅದನ್ನ 7 ವರ್ಷದಲ್ಲಿ ತೀರಿಸ್ತೀವಿ ಅಂದ್ರೆ ತಿಂಗಳಿಗೆ ಸುಮಾರು 4,150 ರೂಪಾಯಿ ಕಂತು. 84 ಕಂತು ಸೇರಿದ್ರೆ 3,48,600. ಇದರ ಜೊತೆ, ಓದೋ ಎರಡು ವರ್ಷ ದುಡಿಯದೆ ಇದ್ದದ್ದೂ ಖರ್ಚೇ. ಡಿಗ್ರಿ ಇಟ್ಟುಕೊಂಡು ತಿಂಗಳಿಗೆ 10,000ದ ಸಣ್ಣ ಕೆಲಸ ಮಾಡಿದ್ರೂ ಎರಡು ವರ್ಷಕ್ಕೆ 2,40,000 ಬರ್ತಿತ್ತು. ಎರಡನ್ನೂ ಕೂಡಿಸಿ. ಸುಮಾರು 5,90,000. ನಿಮ್ಮ ಬಿ.ಎಡ್.ನ ನಿಜವಾದ ಬೆಲೆ ಇದು.

ಒಂದೇ ಸ್ಟಾಫ್ ರೂಮು, ಬೇರೆ ಬೇರೆ ಸಂಬಳ

ಈಗ ಬರೋ ದುಡ್ಡು ನೋಡಿ. ತಮಿಳುನಾಡು ಸರ್ಕಾರಿ ಶಾಲೇಲಿ ಖಾಯಂ ಪದವೀಧರ ಶಿಕ್ಷಕರ (ಬಿ.ಟಿ. ಅಸಿಸ್ಟೆಂಟ್) ಆರಂಭದ ಮೂಲ ವೇತನ 36,400. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಇವರಿಗೆ 4,150ರ ಕಂತು ಒಂದು ಹೊರೆಯೇ ಅಲ್ಲ.

ಅದೇ ಶಾಲೆ, ಅದೇ ಪಾಠ, ಅದೇ ಬಿ.ಎಡ್. ಆದರೆ ಹುದ್ದೆ ತಾತ್ಕಾಲಿಕ. 2022ರಲ್ಲಿ ಖಾಲಿ ಇದ್ದ ಜಾಗಗಳನ್ನ ಶಾಲಾ ನಿರ್ವಹಣಾ ಸಮಿತಿ ಮೂಲಕ ತುಂಬುವಾಗ ಸರ್ಕಾರ ಮೊದಲು ಹೇಳಿದ ಸಂಬಳ ಪದವೀಧರ ಶಿಕ್ಷಕರಿಗೆ 10,000. ಗಲಾಟೆ ಆದ ಮೇಲೆ 15,000 ಮಾಡಿದ್ರು. ಗಡಿ ದಾಟಿ ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಹೋದ್ರೆ ಹೆಚ್ಚೇನೂ ಇಲ್ಲ. ಕರ್ನಾಟಕದ 2025-26ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೂ ಅತಿಥಿ ಶಿಕ್ಷಕರಿಗೆ ಪ್ರಾಥಮಿಕ ಶಾಲೇಲಿ 12,000, ಪ್ರೌಢಶಾಲೇಲಿ 12,500. ಅದೂ ಶಾಲೆ ನಡೆಯೋ ತಿಂಗಳಿಗೆ. ಬೇಸಿಗೆ ರಜೇಲಿ ಸಂಬಳ ಇಲ್ಲ, ಕಂತಿಗೆ ಮಾತ್ರ ರಜೆ ಇಲ್ಲ.

12,000 ಸಂಬಳದಲ್ಲಿ 4,150 ಕಂತು ಅಂದ್ರೆ ನೂರಕ್ಕೆ 35 ರೂಪಾಯಿ ಬ್ಯಾಂಕಿಗೆ. ಉಳಿದ 7,850ರಲ್ಲಿ ಬಾಡಿಗೆ, ಊಟ, ಬಸ್ಸು. ಮನೆಗೆ ಏನು ಕಳಿಸ್ತೀರಿ? ನಮ್ಮ ಬ್ಯಾಂಕ್ ಕ್ಲರ್ಕ್ ಹುದ್ದೆಯ ಆರಂಭದ ಮೂಲ ವೇತನ 24,050. ಅದಕ್ಕೆ ಡಿಗ್ರಿ ಸಾಕು, ಎರಡು ವರ್ಷದ ಇನ್ನೊಂದು ಕೋರ್ಸ್ ಬೇಡ. ಎಲ್ಲರೂ ಬ್ಯಾಂಕಿಗೆ ಬನ್ನಿ ಅಂತ ಹೇಳ್ತಿಲ್ಲ, ಅದೂ ಕಷ್ಟದ ಪರೀಕ್ಷೆಯೇ. ಅಳೆಯೋಕೆ ಒಂದು ಕೋಲು ಬೇಕಲ್ಲ, ಅದಕ್ಕೆ ಹೇಳಿದ್ದು.

ಹಾಗಾಗಿ "ಟೀಚರ್ ಸಂಬಳ ಎಷ್ಟು?" ಅನ್ನೋ ಪ್ರಶ್ನೆಯೇ ಸರಿಯಿಲ್ಲ. "ನಾನು ಖಾಯಂ ಟೀಚರ್ ಆಗೋ ಸಾಧ್ಯತೆ ಎಷ್ಟು? ಅದಕ್ಕೆ ಎಷ್ಟು ವರ್ಷ ಕಾಯಬೇಕು?" ಅಂತ ಕೇಳಿ.

ಕ್ಯೂ ಎಷ್ಟು ಉದ್ದ?

ಬಿ.ಎಡ್. ಸರ್ಟಿಫಿಕೇಟ್ ಕೈಗೆ ಬಂದ ದಿನ ನೀವು ಕ್ಯೂನ ಕೊನೇಲಿ ನಿಂತಿರ್ತೀರಿ. ಮೊದಲು ಟಿಇಟಿ. ಸಾಮಾನ್ಯ ವರ್ಗದವರು 150ಕ್ಕೆ 90 ತೆಗೀಬೇಕು. ಪಾಸಾದ್ರೆ ಕೆಲಸ ಬಂತಾ? ಇಲ್ಲ. 2018ರ ಸರ್ಕಾರಿ ಆದೇಶ 149ರ ಪ್ರಕಾರ ಟಿಇಟಿ ಪಾಸಾದವರು ಮತ್ತೆ ಇನ್ನೊಂದು ನೇಮಕಾತಿ ಪರೀಕ್ಷೆ ಬರೀಬೇಕು. 2013ರಲ್ಲಿ ಟಿಇಟಿ ಪಾಸಾದವರು ಹತ್ತು ವರ್ಷ ಕಳೆದ ಮೇಲೂ ಕೆಲಸ ಕೊಡಿ ಅಂತ ಚೆನ್ನೈನಲ್ಲಿ ಧರಣಿ ಕೂತಿದ್ದನ್ನ ಪೇಪರಲ್ಲಿ ನೋಡಿದ್ದೀರಲ್ಲ?

2023ರಲ್ಲಿ ತಮಿಳುನಾಡು ಶಿಕ್ಷಕರ ನೇಮಕಾತಿಯ ವಯೋಮಿತಿಯನ್ನ ಸಾಮಾನ್ಯ ವರ್ಗಕ್ಕೆ 53, ಉಳಿದವರಿಗೆ 58ಕ್ಕೆ ಏರಿಸಿತು. ನಿವೃತ್ತಿ ವಯಸ್ಸು 60. ಇದನ್ನ ಕೆಲವರು ದೊಡ್ಡ ಉಪಕಾರ ಅಂತ ಕೊಂಡಾಡಿದ್ರು. ನಮಗೆ ಹಾಗೆ ಕಾಣಲಿಲ್ಲ. 58ನೇ ವಯಸ್ಸಲ್ಲಿ ಹೊಸದಾಗಿ ಕೆಲಸಕ್ಕೆ ಸೇರೋಕೆ ಅವಕಾಶ ಕೊಡಬೇಕಾದ ಸ್ಥಿತಿ ಬಂದಿದೆ ಅಂದ್ರೆ ಕ್ಯೂ ಎಷ್ಟು ಉದ್ದ ಬೆಳೆದಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ನಿಮ್ಮ ಬ್ಯಾಂಕ್ ಕಂತು 58ರವರೆಗೆ ಕಾಯಲ್ಲ.

ನಮ್ಮವರಿಗೆ ಭಾಷೆಯ ಬಾಗಿಲು ಬೇರೆ

ಇಷ್ಟು ಎಲ್ಲರಿಗೂ ಇರೋ ಕಷ್ಟ. ಕನ್ನಡ ಮನೆಮಾತಿನ ನಮಗೆ ಇದರ ಮೇಲೆ ಇನ್ನೊಂದು ಬಾಗಿಲಿದೆ. 2021ರ ಡಿಸೆಂಬರ್ ಆದೇಶದಂತೆ ತಮಿಳುನಾಡಿನ ಸರ್ಕಾರಿ ನೇಮಕಾತಿಗಳಲ್ಲಿ ತಮಿಳು ಅರ್ಹತಾ ಪತ್ರಿಕೆ ಕಡ್ಡಾಯ. ಶಿಕ್ಷಕರ ಪರೀಕ್ಷೇಲಿ 50 ಅಂಕಕ್ಕೆ ಕನಿಷ್ಠ 20 ಬರಬೇಕು. ಬರದಿದ್ರೆ ನಿಮ್ಮ ವಿಷಯದ ಉತ್ತರ ಪತ್ರಿಕೆಯನ್ನ ಮುಟ್ಟೋದೇ ಇಲ್ಲ, ನೀವು ಗಣಿತದಲ್ಲಿ ರಾಮಾನುಜನ್ ಆಗಿದ್ರೂ ಅಷ್ಟೇ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯ್ದೆಯಡಿ 20% ಆದ್ಯತೆ ಇದೆ. ಅದು ಮಾಧ್ಯಮ ನೋಡಿ ಕೊಡೋದು, ಮನೆಮಾತು ನೋಡಿ ಅಲ್ಲ. 2020ರ ತಿದ್ದುಪಡಿ ಆದ ಮೇಲೆ ಶಾಲೆಯಿಂದ ಹಿಡಿದು ಕೊನೆವರೆಗೂ ತಮಿಳು ಮಾಧ್ಯಮದಲ್ಲೇ ಓದಿರಬೇಕು. ಹಾಗೆ ಓದಿದ ಮಸಿನಗುಡಿಯ ಕನ್ನಡದ ಹುಡುಗಿಗೂ, ಹಟ್ಟಿಯ ಬಡಗ ಹುಡುಗನಿಗೂ ಅದು ಸಿಗಬೇಕು. ಕೇಳಿ ಪಡೀರಿ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಆ ಬಾಗಿಲೂ ಇಲ್ಲ, ಕನ್ನಡದ ಬಾಗಿಲೂ ಇಲ್ಲ. ಸಾಲ ಮಾಡೋ ಮುಂಚೆ ಅವರು ಎರಡು ಸಲ ಯೋಚಿಸಬೇಕು.

"ಹಾಗಾದ್ರೆ ಕರ್ನಾಟಕಕ್ಕೆ ಹೋಗ್ತೀವಿ, ಅಲ್ಲಿ ಕನ್ನಡವೇ ಅಲ್ವಾ" ಅಂತ ಹೇಳೋರಿದ್ದಾರೆ. ಹೋಗಿ, ಆದ್ರೆ ಕಣ್ಣು ತೆರೆದು ಹೋಗಿ. ತಮಿಳುನಾಡಿನ ಜಾತಿ ಪ್ರಮಾಣಪತ್ರ ಕರ್ನಾಟಕ ಸರ್ಕಾರದ ಹುದ್ದೆಯ ಮೀಸಲಾತಿಗೆ ನಡೆಯಲ್ಲ. ಒಂದು ರಾಜ್ಯದ ಮೀಸಲಾತಿಯನ್ನ ಇನ್ನೊಂದು ರಾಜ್ಯದಲ್ಲಿ ಕೇಳೋಕೆ ಬರಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಇಲ್ಲಿ ಹಿಂದುಳಿದ ವರ್ಗದ ಪಟ್ಟಿಯಲ್ಲಿರೋ ಬಡಗರ ಹುಡುಗ ಬಂಡೀಪುರದ ಚೆಕ್‌ಪೋಸ್ಟ್ ದಾಟಿದ ಮೇಲೆ ಸಾಮಾನ್ಯ ವರ್ಗದ ಅಭ್ಯರ್ಥಿ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಸೀಟು ಇದೆ ಅಂತ ಯಾರೋ ಹೇಳಿದ್ರು ಅಂತ ನಂಬಿ ಸಾಲ ತಗೋಬೇಡಿ. ಆಯಾ ವರ್ಷದ ಕೈಪಿಡಿ ತೆಗೆದು, ಆ ಕಲಮಿನಲ್ಲಿ ಯಾವ ತಾಲೂಕುಗಳ ಹೆಸರಿದೆ, ನಿಮ್ಮ ತಾಲೂಕು ಇದೆಯಾ ಅಂತ ನೀವೇ ಓದಿ.

ಕನ್ನಡಕ್ಕೆ ಬೇಕಾದ ಮೇಷ್ಟ್ರು ಬಿ.ಎಡ್. ಮೇಷ್ಟ್ರೇ ಅಲ್ಲ!

ಇದು ನಮ್ಮ ಹಿರಿಯರಿಗೆ ಹೇಳೋ ಮಾತು. ಬೇಜಾರಾದ್ರೂ ಕೇಳಿಸ್ಕೊಳ್ಳಿ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸೋ ವ್ಯವಸ್ಥೆ ಇರಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. ಅದು 1956ರಲ್ಲಿ ಸೇರಿದ್ದು. ಯಾವ ಹಂತಕ್ಕೆ? ಪ್ರಾಥಮಿಕ ಹಂತಕ್ಕೆ. ನಾವು ಕೈಯಲ್ಲಿ ಹಿಡಿದು ಕೇಳಬಹುದಾದ ಹಕ್ಕು ಇರೋದು ಸಣ್ಣ ಮಕ್ಕಳ ತರಗತೀಲಿ. ಮಗು ಕನ್ನಡ ಅಕ್ಷರ ಕಲಿಯೋದೋ ಬಿಡೋದೋ ನಿಶ್ಚಯ ಆಗೋದೂ ಅಲ್ಲೇ.

ಆ ತರಗತಿಗೆ ಪಾಠ ಮಾಡೋಕೆ ಬಿ.ಎಡ್. ನಡೆಯಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆ ಅಲ್ಲ. ಅಲ್ಲಿಗೆ ಬೇಕಾದ್ದು ಡಿ.ಎಲ್.ಎಡ್., ಪಿಯುಸಿ ಅಥವಾ ಪ್ಲಸ್ ಟು ಆದ ಮೇಲೆ ಎರಡು ವರ್ಷದ ಡಿಪ್ಲೊಮಾ. ತಮಿಳುನಾಡು ಟಿಇಟಿಯ ಮೊದಲ ಭಾಷೆಯಾಗಿ ಕನ್ನಡ ಆರಿಸಿಕೊಳ್ಳೋಕೂ ಅವಕಾಶ ಇದೆ.

ಅಂದ್ರೆ "ಕನ್ನಡಕ್ಕಾಗಿ ಬಿ.ಎಡ್. ಮಾಡು" ಅಂತ ಮಕ್ಕಳನ್ನ ಸಾಲಕ್ಕೆ ಕಳಿಸ್ತಿರೋರು, ಕನ್ನಡಕ್ಕೆ ಎಲ್ಲಿ ಮೇಷ್ಟ್ರು ಬೇಕೋ ಆ ಬಾಗಿಲು ಬಿಟ್ಟು ಬೇರೆ ಬಾಗಿಲಿಗೆ ಕಳಿಸ್ತಿದ್ದಾರೆ. ಪ್ರೌಢಶಾಲೇಲಿ ಕನ್ನಡದ ಗತಿ ಏನಾಗಿದೆ ಅಂತ ಇವರಿಗೆ ಗೊತ್ತಿಲ್ವಾ? 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ 2015-16ರಲ್ಲಿ ಹತ್ತನೇ ತರಗತಿ ತಲುಪಿತು. ಮೊದಲ ಭಾಷೆಯ ಜಾಗದಲ್ಲಿದ್ದ ಕನ್ನಡ ಐಚ್ಛಿಕ ಆಯ್ತು. ಆಮೇಲೆ ವರ್ಷಾ ವರ್ಷಾ ಕೋರ್ಟಿಗೆ ಹೋಗಿ ವಿನಾಯಿತಿ ಕೇಳಿದ್ದೇ ಆಯ್ತು. ತಾಳವಾಡಿ, ಹೊಸೂರು ಕಡೆ ಇನ್ನೂ ಕನ್ನಡ ಮಾಧ್ಯಮದ ಶಾಲೆಗಳಿವೆ. ನಮ್ಮ ನೀಲಗಿರಿಯಲ್ಲಿ ಮಕ್ಕಳು ಹೋಗೋದು ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ. ಈ ಸ್ಥಿತೀಲಿ ಹೈಸ್ಕೂಲ್ ಕನ್ನಡ ಹುದ್ದೆ ಯಾವ ಮರದಲ್ಲಿ ಬಿಡುತ್ತೆ?

ಡಿ.ಎಲ್.ಎಡ್. ಸ್ವರ್ಗ ಅಂತಲೂ ಹೇಳಲ್ಲ. ಸೆಕೆಂಡರಿ ಗ್ರೇಡ್ ಶಿಕ್ಷಕರ ಮೂಲ ವೇತನ 20,600, ಪದವೀಧರ ಶಿಕ್ಷಕರಿಗಿಂತ ಬಹಳ ಕಮ್ಮಿ. 2009ರ ಜೂನ್ ಆದ ಮೇಲೆ ಸೇರಿದವರು "ಸಮಾನ ಕೆಲಸಕ್ಕೆ ಸಮಾನ ವೇತನ" ಅಂತ ಇವತ್ತಿಗೂ ಹೋರಾಡ್ತಿದ್ದಾರೆ. ಆದ್ರೆ ಪ್ಲಸ್ ಟು ಆದ ಕೂಡಲೇ ಸೇರಬಹುದು, ಡಿಗ್ರಿ ಪ್ಲಸ್ ಬಿ.ಎಡ್.ಗೆ ಹೋಲಿಸಿದ್ರೆ ಮೂರು ವರ್ಷ ಉಳಿಯುತ್ತೆ. ಸಣ್ಣ ಸಾಲ, ಸಣ್ಣ ಸಂಬಳ, ಸಣ್ಣ ಮಕ್ಕಳು. ಅದು ಒಪ್ಪಿಗೆಯಾದ್ರೆ ಮಾಡಿ, ಕನ್ನಡಕ್ಕೂ ಅದರಿಂದಲೇ ಹೆಚ್ಚು ಉಪಯೋಗ.

"ದುಡ್ಡೇ ಮುಖ್ಯನಾ? ಸೇವೆ ಅನ್ನೋದು ಇಲ್ವಾ?"

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಉತ್ತರ ಇದು.

ಸೇವೆ ಮಾಡೋನಿಗೂ ಐದನೇ ತಾರೀಖು ಕಂತು ಬರುತ್ತೆ. ಶಿಕ್ಷಣ ಸಾಲದಲ್ಲಿ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರು. 4 ಲಕ್ಷದೊಳಗಿನ ಸಾಲಕ್ಕೆ ಅಡಮಾನ ಕೇಳಲ್ಲ ಅನ್ನೋದು ನಿಜ. ಆದ್ರೆ ಕಂತು ತಪ್ಪಿದ್ರೆ ಸಿಬಿಲ್ ಕೆಡೋದು ನಿಮ್ಮೊಬ್ಬರದ್ದಲ್ಲ, ಅಪ್ಪನದ್ದೂ ಕೆಡುತ್ತೆ. ಆಮೇಲೆ ಅವರು ಟೀ ತೋಟಕ್ಕೆ ಬೆಳೆ ಸಾಲ ಕೇಳೋಕೆ ಬಂದಾಗ ಕಂಪ್ಯೂಟರ್ "ಇಲ್ಲ" ಅನ್ನುತ್ತೆ. ಟೀ ಎಲೆಗೆ ರೇಟು ಸಿಗದ ವರ್ಷ ಬೆಳೆ ಸಾಲವೂ ಸಿಗದಿದ್ರೆ ಏನಾಗುತ್ತೆ? ಅಮ್ಮನ ಒಡವೆ ಅಡವಿಗೆ ಹೋಗುತ್ತೆ. ಭಾಷಾ ಸೇವೆಯ ಬಿಲ್ಲು ಕೊನೆಗೆ ಅಮ್ಮನ ಕೊರಳಿಗೆ ಬಂದು ನಿಲ್ಲುತ್ತೆ.

ಸಾಲದಲ್ಲಿ ಮುಳುಗಿದ ಮೇಷ್ಟ್ರು ಊರಲ್ಲಿ ನಿಲ್ಲಲ್ಲ. ತಿರುಪ್ಪೂರಿಗೋ ಬೆಂಗಳೂರಿಗೋ ಯಾವ ಕೆಲಸ ಸಿಕ್ಕರೆ ಆ ಕೆಲಸಕ್ಕೆ ಹೋಗ್ತಾನೆ. ಊರಿಗೆ ಕನ್ನಡ ಮೇಷ್ಟ್ರೂ ಇಲ್ಲ, ಮನೆಗೆ ಮಗನೂ ಇಲ್ಲ. ಸಾಲ ಇಲ್ಲದೆ ಬೇರೆ ಕೆಲಸ ಮಾಡ್ತಾ, ಭಾನುವಾರ ಹಟ್ಟಿಯ ಹತ್ತು ಮಕ್ಕಳಿಗೆ ಕನ್ನಡ ಓದಿಸೋ ಹುಡುಗಿ ಅವನಿಗಿಂತ ಹೆಚ್ಚು ಕನ್ನಡ ಉಳಿಸ್ತಾಳೆ.

ಸಹಿ ಹಾಕೋ ಮುಂಚೆ ಆರು ಪ್ರಶ್ನೆ

1. ಯಾವ ಹುದ್ದೆ? "ಟೀಚರ್" ಅನ್ನಬೇಡಿ. ಯಾವ ತರಗತಿ, ಯಾವ ವಿಷಯ, ಯಾವ ರಾಜ್ಯ, ಯಾವ ಭಾಷೆ ಅಂತ ಒಂದು ಸಾಲಲ್ಲಿ ಬರೀರಿ. ಬರೆಯೋಕೆ ಆಗಲಿಲ್ಲ ಅಂದ್ರೆ ಸಾಲದ ಅರ್ಜಿ ಪಕ್ಕಕ್ಕಿಡಿ.

2. ಆ ವಿಷಯದಲ್ಲಿ ಕೊನೆಯ ನೇಮಕಾತಿ ಯಾವಾಗ ಆಯ್ತು, ಎಷ್ಟು ಹುದ್ದೆ ಇತ್ತು? ನೇಮಕಾತಿ ಮಂಡಳಿಯ ಹಳೇ ಅಧಿಸೂಚನೆ ತೆಗೆದು ನೋಡಿ. ಕಾಲೇಜಿನ ಬಣ್ಣದ ಪಾಂಪ್ಲೆಟ್ ನಂಬಬೇಡಿ.

3. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯಾ? ನ್ಯಾಕ್ ಇದೆಯಾ? ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ರೆ ಮೊರಟೋರಿಯಂ ಕಾಲದ ಬಡ್ಡಿಯನ್ನ ಕೇಂದ್ರ ಸರ್ಕಾರವೇ ಕಟ್ಟೋ ಯೋಜನೆ ಇದೆ. ಅದಕ್ಕೆ ಕಾಲೇಜಿನ ಮಾನ್ಯತೆಯೂ ಮುಖ್ಯ, ಮತ್ತು ಅದು ಸಿಗೋದು ಒಂದೇ ಸಲ. ಡಿಗ್ರಿಗೆ ಬಳಸಿದ್ರೆ ಮತ್ತೆ ಇಲ್ಲ. ನಿಮ್ಮ ಕೋರ್ಸಿಗೆ ಅನ್ವಯಿಸುತ್ತಾ ಅಂತ ಶಾಖೇಲಿ ಲಿಖಿತವಾಗಿ ಕೇಳಿ.

4. ಸರ್ಕಾರಿ ಸೀಟಿಗೆ ಪ್ರಯತ್ನ ಮಾಡಿದ್ದೀರಾ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ (ಆರ್‌ಐಇ) 1963ರಿಂದ ಇದೆ. ಅದು ಕೇಂದ್ರದ ಎನ್‌ಸಿಇಆರ್‌ಟಿಗೆ ಸೇರಿದ್ದು. ದಕ್ಷಿಣದ ಎಲ್ಲಾ ರಾಜ್ಯಗಳ ಮಕ್ಕಳಿಗೂ ಅಲ್ಲಿ ಜಾಗ ಇದೆ, ತಮಿಳುನಾಡಿನವರಿಗೂ ಇದೆ. ಗೂಡಲೂರಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದೊಳಗೆ ಮೈಸೂರು. ಪ್ರವೇಶ ಪರೀಕ್ಷೆ ಬರೀಬೇಕು, ಅಷ್ಟೇ. ಖಾಸಗಿ ಕಾಲೇಜಿಗೆ ದುಡ್ಡು ಕಟ್ಟೋ ಮುಂಚೆ ಒಂದು ವರ್ಷ ಇದಕ್ಕೆ ಓದಿದ್ರೆ ನಷ್ಟ ಇಲ್ಲ.

5. ಓದೋವಾಗಲೇ ಬಡ್ಡಿ ಕಟ್ಟೋಕೆ ಆಗುತ್ತಾ? ಮೊದಲ ವರ್ಷ ತಿಂಗಳಿಗೆ 833, ಆಮೇಲೆ 1,667 ರೂಪಾಯಿ. ಕಟ್ಟಿದ್ರೆ ಆ 50,000 ಅಸಲಿಗೆ ಸೇರಲ್ಲ. ಕಂತು 4,150ರ ಬದಲು 3,320 ಆಗುತ್ತೆ.

6. ಖಾಯಂ ಕೆಲಸ ಐದು ವರ್ಷ ಸಿಗಲಿಲ್ಲ ಅಂದ್ರೆ ಕಂತು ಯಾರು ಕಟ್ಟೋದು? ಇದನ್ನ ಅಪ್ಪ ಅಮ್ಮನ ಎದುರಿಗೆ ಕೂತು, ಬಾಯಿಬಿಟ್ಟು ಮಾತಾಡಿ.

ನಮ್ಮ ಅಳತೆ ಒಂದೇ. ತಾತ್ಕಾಲಿಕ ಶಿಕ್ಷಕರ ಸಂಬಳದಲ್ಲೇ ಕಂತು ಕಟ್ಟಿ ಬದುಕೋಕೆ ಆಗೋಷ್ಟು ಸಾಲ ಮಾತ್ರ ಮಾಡಿ. ಖಾಯಂ ಕೆಲಸದ ಸಂಬಳ ಲೆಕ್ಕ ಹಾಕಿ ಸಾಲ ಮಾಡೋದು ಲಾಟರಿ ಟಿಕೆಟ್ ಅಡವಿಟ್ಟು ಮನೆ ಕಟ್ಟಿದ ಹಾಗೆ.

ಇನ್ನು ಕೇಳಬೇಕಾದವರನ್ನ ಕೇಳೋಣ

ಹೊರೆಯೆಲ್ಲಾ ಮಕ್ಕಳ ತಲೆ ಮೇಲೆ ಯಾಕಿರಬೇಕು? ತರಗತೀಲಿ 10 ಮಕ್ಕಳು ಅಥವಾ ಇಡೀ ಶಾಲೇಲಿ 40 ಮಕ್ಕಳು ಒಂದು ಭಾಷೆಯವರಿದ್ರೆ ಆ ಭಾಷೆಯ ಶಿಕ್ಷಕರನ್ನ ಕೊಡಬೇಕು ಅಂತ 1949ರಲ್ಲೇ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ನಮ್ಮ ಶಾಲೆಗಳಲ್ಲಿ ಎಷ್ಟು ಕನ್ನಡ ಮಕ್ಕಳಿದ್ದಾರೆ ಅಂತ ನಮ್ಮ ಹತ್ತಿರವೇ ಪಟ್ಟಿ ಇಲ್ಲ! ಮೊದಲು ಆ ಪಟ್ಟಿ ಮಾಡೋಣ. ಮಸಿನಗುಡಿಯಿಂದ ಶುರು ಮಾಡಿ, ಶಾಲೆ ಶಾಲೆಗೆ ಹೋಗಿ ಪೋಷಕರ ಸಹಿ ತಗೊಂಡು ಜಿಲ್ಲಾಧಿಕಾರಿಗೂ, ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕೊಡೋಣ. ಹುದ್ದೆ ಮಂಜೂರಾಗಲಿ, ಮೇಷ್ಟ್ರಾಗೋಕೆ ನಮ್ಮಲ್ಲಿ ಮಕ್ಕಳಿಗೆ ಬರ ಇಲ್ಲ.

ಬೆಂಗಳೂರಿನವರಿಗೂ ಒಂದು ಮಾತು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇರೋದು ಗಡಿಯಾಚೆಯ ಕನ್ನಡಿಗರಿಗೂ ಅಂತ ನಾವು ತಿಳ್ಕೊಂಡಿದ್ದೀವಿ. ವರ್ಷಕ್ಕೊಂದು ಉತ್ಸವ, ಪೆಂಡಾಲು, ಶಾಲು, ಹಾರ ಸಾಕು. ನೀಲಗಿರಿ, ತಾಳವಾಡಿ, ಹೊಸೂರಿನಿಂದ ಡಿ.ಎಲ್.ಎಡ್., ಬಿ.ಎಡ್. ಓದೋ ಕನ್ನಡದ ಮಕ್ಕಳ ಫೀಸು ಕಟ್ಟಿ. ಊರಿಗೆ ವಾಪಸ್ ಬಂದು ಕಲಿಸಬೇಕು ಅಂತ ಷರತ್ತು ಬೇಕಾದ್ರೆ ಹಾಕಿ, ನಾವೇ ಜಾಮೀನು ನಿಲ್ತೀವಿ.

ವೇದಿಕೆ ಹತ್ತೋ ಹಿರಿಯರಿಗೆ ಕೊನೇ ವಿನಂತಿ. ಬರೋ ನವೆಂಬರ್‌ನಲ್ಲಿ "ಮೇಷ್ಟ್ರಾಗಿ" ಅಂತ ಹೇಳೋ ಮುಂಚೆ, ಸಂಘದಿಂದ ಒಬ್ಬ ಹುಡುಗಿಯ ಒಂದು ವರ್ಷದ ಫೀಸು ಕಟ್ಟಿ, ರಸೀದಿ ಕೈಯಲ್ಲಿ ಹಿಡಿದು ಮೈಕ್ ಮುಂದೆ ಬನ್ನಿ. ಅವತ್ತು ನಾವೂ ಚಪ್ಪಾಳೆ ಹೊಡೀತೀವಿ.

ತಮ್ಮಾ, ತಂಗೀ, ಕಾಲೇಜಿನ ಏಜೆಂಟ್ ಫೋನ್ ಮಾಡಿದ್ರೆ ಮೇಲಿನ ಆರು ಪ್ರಶ್ನೆ ಕೇಳಿ. ಅರ್ಜಿ ತುಂಬೋಕೆ, ಲೆಕ್ಕ ಹಾಕೋಕೆ ಸಹಾಯ ಬೇಕಂದ್ರೆ ನಮ್ಮ ಪೇಜಿಗೆ ಮೆಸೇಜ್ ಮಾಡಿ, ಕೂತು ಹಾಕಿಕೊಡ್ತೀವಿ. ಅಡ್ಮಿಷನ್ ಸಮಯ ಹತ್ರ ಬಂದಿದೆ. ನಿಮ್ಮ ಊರಿನ ಗ್ರೂಪುಗಳಿಗೂ ಇದನ್ನ ಕಳಿಸಿ.